ಮೊದಲ ಎಲೆಗಾಗಿ ಮಾಲ್ಡೀವ್ಸ್‌ಗೆ

ಹೊಟ್ಟೆಕಿಚ್ಚು ನನ್ನ ಜಾಯಮಾನದಲ್ಲೇ ಇಲ್ಲ. ಇದನ್ನು ಆರಂಭದಲ್ಲೇ ಸ್ಪಷ್ಟಪಡಿಸಿಬಿಡುವುದು ಒಳ್ಳೆಯದು. ಪಕ್ಕದ ಮನೆಯ ಬೋರೇಗೌಡರು ಹೊಸ ಸ್ಕೂಟರ್ ತಂದಾಗ ಮೊದಲು ಹೋಗಿ ಅಭಿನಂದಿಸಿದವನು ನಾನೇ. ಅದು ಹೊಳೆ ಸೇತುವೆಯ ಮೇಲೆ ಕೆಟ್ಟು ನಿಂತಾಗ ಮೊದಲು ಹೋಗಿ ನೋಡಿಬಂದವನೂ ನಾನೇ. ಇಂಥ ನನ್ನ ಬಗ್ಗೆ ನನ್ನ ಹೆಂಡತಿ ಜಯ, "ಇವ್ರು ಮಾಲ್ಡೀವ್ಸ್‌ಗೆ ಹೋಗಿದ್ದು ಇಂಗ್ಲಿಷ್ ಪಾಠ ಮಾಡೋಕಲ್ಲ, ಹೊಟ್ಟೆ ಉರಿ ತಡೀಲಾರ್ದೆ" ಅಂತ ಬಂದವರ ಮುಂದೆಲ್ಲ ಹೇಳುತ್ತಾಳೆ. ನಡೆದದ್ದನ್ನು ಹೇಳಿಬಿಡುತ್ತೇನೆ, ನೀವೇ ತೀರ್ಮಾನಿಸಿ.

ನಾನು ಹೊಳೆನರಸೀಪುರದ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಆದರೆ ಅದಕ್ಕಿಂತ ದೊಡ್ಡ ಹುದ್ದೆ ನನಗೆ ಅರಕಲಗೂಡಿನಲ್ಲಿತ್ತು. ಅಲ್ಲಿ ನಾನು ಹಿರಿಯ ಅಳಿಯ! ನಮ್ಮ ಮಾವನವರು ನಿವೃತ್ತ ಪೋಸ್ಟ್ ಮಾಸ್ಟರು, ಕ್ರಮ ಬಿಟ್ಟವರಲ್ಲ. ಅವರ ಮನೆಯಲ್ಲಿ ಹಬ್ಬದ ಪಂಕ್ತಿ ಹಾಕಿದರೆ ಮೊದಲನೆಯ ಎಲೆ ಹಿರಿಯ ಅಳಿಯನದು. ದೇವರ ಮನೆಯ ಬಾಗಿಲ ಪಕ್ಕ, ಗೋಡೆಗೆ ಒರಗಲು ಅನುಕೂಲವಾದ ಜಾಗ. ಅಡುಗೆಮನೆಯಿಂದ ಏನೇ ಹೊರಬಂದರೂ ಮೊದಲು ಬೀಳುವುದು ಅಲ್ಲಿಗೆ. ತುಂಬಿದ ತುಪ್ಪದ ಮಿಳ್ಳೆ, ಮುರಿಯದ ಹಪ್ಪಳ, ಗೋಡಂಬಿ ಇರುವ ಪಾಯಸ, ಎಲ್ಲವೂ ಅಲ್ಲಿಂದಲೇ ಶುರು. ಕೊನೆಯ ಎಲೆ ತಲುಪುವ ಹೊತ್ತಿಗೆ ಪಾಯಸದಲ್ಲಿ ಹಾಲು ಮಾತ್ರ ಇರುತ್ತದೆ.

ಈ ಎಲೆಗೆ ಒಂದು ಶಾಸ್ತ್ರವೂ ಇದೆ. ಮಾವನವರು "ಬನ್ನಿ ಅಳಿಯಂದಿರೇ, ಕೂತ್ಕೊಳ್ಳಿ" ಅನ್ನಬೇಕು. ನಾನು "ಅಯ್ಯೋ ಬೇಡ ಮಾವ, ಬೇರೆ ಯಾರಾದ್ರೂ ಕೂತ್ಕೊಳ್ಳಲಿ" ಅನ್ನಬೇಕು. ಅವರು "ಛೆ ಛೆ, ಎಲ್ಲಾದ್ರೂ ಉಂಟೆ!" ಅನ್ನಬೇಕು. ನಾನು ಇನ್ನೊಮ್ಮೆ "ಬೇಡ" ಅನ್ನಬೇಕು. ಆಗ ಅವರು ನನ್ನ ರಟ್ಟೆ ಹಿಡಿದು ಕೂರಿಸಬೇಕು. ಬಡಿಸುವಾಗಲೂ ಅಷ್ಟೇ. ಹೋಳಿಗೆ ಬಂದರೆ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿಯಬೇಕು. ಆದರೆ ಕೈಗಳ ನಡುವೆ ಹೋಳಿಗೆ ಬೀಳುವಷ್ಟು ಜಾಗ ಬಿಟ್ಟಿರಬೇಕು. "ಹೂಂ, ಹಾಕಿ" ಅಂತ ಬಾಯಿಬಿಟ್ಟು ಕೇಳುವವನನ್ನು ನಮ್ಮ ಕಡೆ ಹೊಟ್ಟೆಬಾಕ ಅನ್ನುತ್ತಾರೆ. ಬೇಡ ಅಂದರೆ ಇನ್ನೊಂದು ಸಲ ಕೇಳಿ ಅಂತ ಅರ್ಥ. ಇದು ಇಡೀ ಹಾಸನ ಜಿಲ್ಲೆಗೆ ಗೊತ್ತು. ಜಿಲ್ಲೆಯ ಆಚೆಯವರಿಗೆ ಗೊತ್ತಿಲ್ಲ ಅನ್ನುವುದು ನನಗೆ ಗೊತ್ತಿರಲಿಲ್ಲ!

ನನ್ನ ಷಡ್ಡಕ ಪ್ರಭಾಕರ, ಅಂದರೆ ಜಯಳ ತಂಗಿಯ ಗಂಡ, ಚನ್ನರಾಯಪಟ್ಟಣದ ಒಂದು ಖಾಸಗಿ ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದ. ಪಾಪದ ಹುಡುಗ, ಎರಡನೆಯ ಎಲೆಯವನು. ಅವನು ಒಂದು ದಿನ ಇದ್ದಕ್ಕಿದ್ದ ಹಾಗೆ ಮಾಲ್ಡೀವ್ಸ್ ಎಂಬ ದ್ವೀಪದೇಶಕ್ಕೆ ಇಂಗ್ಲಿಷ್ ಮೇಷ್ಟ್ರಾಗಿ ಹೊರಟುಬಿಟ್ಟ. ನಾನು ಮನಃಪೂರ್ವಕ ಹರಸಿದೆ. ಅಲ್ಲಿ ಅವನಿಗೆ ಹೊಂದದೆ ಬೇಗ ವಾಪಸ್ಸು ಬರುತ್ತಾನೆ ಎಂಬ ನಂಬಿಕೆಯೂ ಮನಃಪೂರ್ವಕವಾಗಿಯೇ ಇತ್ತು.

ಅವನು ಬಂದದ್ದು ವರ್ಷದ ರಜೆಗೆ, ಸುಬ್ಬರಾಯನ ಷಷ್ಠಿಯ ಹೊತ್ತಿಗೆ. ಕಣ್ಣಿಗೆ ಕಪ್ಪು ಕನ್ನಡಕ, ಮೈಗೆಲ್ಲ ಸೆಂಟು, ಕೈಯಲ್ಲಿ ಎರಡು ಕ್ಯಾಸೆಟ್ ಹಾಕುವ ಟೇಪ್ ರೆಕಾರ್ಡರು! ಅತ್ತೆಯವರಿಗೆ ಹಾಲಿನ ಪುಡಿಯ ಡಬ್ಬಿ, ಮಾವನವರಿಗೆ ಟಾರ್ಚು, ಮಕ್ಕಳಿಗೆ ತಗಡಿನ ಡಬ್ಬಿಯಲ್ಲಿ ಮಿಠಾಯಿ. ನನಗೂ ಒಂದು ಪೆನ್ನು ಕೊಟ್ಟ. ಒಳ್ಳೆಯ ಪೆನ್ನು. ಅದರಲ್ಲಿ ಬರೆಯಲು ಇವತ್ತಿಗೂ ಮನಸ್ಸು ಬಂದಿಲ್ಲ.

ಆ ದಿನ ಬೆಳಗ್ಗೆ ಎಲ್ಲರೂ ರಾಮನಾಥಪುರಕ್ಕೆ ಹೋಗಿ ದರ್ಶನ ಮಾಡಿಬಂದೆವು. ಮನೆಯಲ್ಲಿ ಷಷ್ಠಿಗೆಂದು ಕರೆದಿದ್ದ ಬ್ರಹ್ಮಚಾರಿಗಳ ಊಟ ಮುಗಿದು ನಮ್ಮ ಪಂಕ್ತಿಗೆ ಎಲೆ ಬಿತ್ತು. ನಾನು ಶಾಸ್ತ್ರಕ್ಕೆ ಸಿದ್ಧನಾಗಿ, "ಬೇಡ" ಅನ್ನುವುದಕ್ಕೆ ಬಾಯಿ ಅರ್ಧ ತೆರೆದು ನಿಂತಿದ್ದೆ. ಮಾವನವರು ಬಂದರು. ನನ್ನನ್ನು ದಾಟಿ ಹೋದರು! ಪ್ರಭಾಕರನ ರಟ್ಟೆ ಹಿಡಿದರು!

"ಪಾಪ, ಸಮುದ್ರ ದಾಟಿ ಬಂದಿದ್ದಾರೆ. ಇವತ್ತು ಅವ್ರು ಮೊದಲು ಕೂತ್ಕೊಳ್ಳಲಿ. ನೀವೇನೂ ತಿಳ್ಕೋಬೇಡಿ" ಅಂದರು ನನ್ನ ಕಡೆ ತಿರುಗಿ.

"ಅಯ್ಯೋ, ಅದರಲ್ಲೇನಿದೆ ಮಾವ!" ಅಂದು ನಗುತ್ತಾ ಎರಡನೆಯ ಎಲೆಗೆ ಕೂತೆ. ಸಾರು ಇನ್ನೂ ಬಡಿಸಿರಲಿಲ್ಲ, ನನ್ನ ಹೊಟ್ಟೆಯಲ್ಲಿ ಆಗಲೇ ಕುದಿಯುತ್ತಿತ್ತು. ಎರಡನೆಯ ಎಲೆಯ ಹಿಂದೆ ಗೋಡೆಯಲ್ಲಿ ಒಂದು ಮೊಳೆ ಇದೆ. ಅಷ್ಟು ವರ್ಷ ಅದು ಪ್ರಭಾಕರನ ಬೆನ್ನಿಗೆ ಚುಚ್ಚುತ್ತಿತ್ತು, ನನಗೆ ಗೊತ್ತೇ ಇರಲಿಲ್ಲ.

ಬಸ್ಸಿನಲ್ಲಿ ವಾಪಸ್ಸು ಬರುವಾಗ ಜಯಳಿಗೆ ಹೇಳಿದೆ. "ನಾನೂ ಮಾಲ್ಡೀವ್ಸ್‌ಗೆ ಅರ್ಜಿ ಹಾಕ್ತೀನಿ."

"ಯಾಕ್ರೀ? ಇಲ್ಲಿ ಏನ್ ಕಮ್ಮಿಯಾಗಿದೆ?"

"ಅನುಭವ, ಕಣೇ! ವಿದೇಶದ ಅನುಭವ!"

"ಮೊದಲನೇ ಎಲೆ ತಪ್ಪಿಹೋಯ್ತು ಅಂತ ಹೇಳಿ. ಕೋಸಂಬರಿ ಬಡಿಸೋವಾಗ್ಲೇ ನಿಮ್ಮ ಮುಖ ನೋಡ್ದೆ."

ನಾನು ಕಿಟಕಿಯ ಕಡೆ ತಿರುಗಿ ಹೊಗೆಸೊಪ್ಪಿನ ಹೊಲಗಳನ್ನು ನೋಡತೊಡಗಿದೆ. ಗಂಡನ ಉನ್ನತ ಆಕಾಂಕ್ಷೆಗಳು ಕೆಲವು ಹೆಂಗಸರಿಗೆ ಅರ್ಥವಾಗುವುದಿಲ್ಲ.

ಬೆಂಗಳೂರಿನಲ್ಲಿ ಸಂದರ್ಶನ ನಡೆಯಿತು. ನನ್ನ ಇಂಗ್ಲಿಷ್ ಕೇಳಿ ಅವರು ತಲೆದೂಗಿದರು. "ನಿಮಗೆ ಯಾವ ದ್ವೀಪ ಬೇಕು? ರಾಜಧಾನಿಯ ಹತ್ತಿರವೂ ಒಂದು ಖಾಲಿ ಇದೆ" ಅಂದರು. ತಕ್ಷಣ ಬೇಕು ಅನ್ನುವುದಕ್ಕೆ ನಾನೇನು ಹೊಟ್ಟೆಬಾಕನೇ? "ಅದೆಲ್ಲ ಬೇರೆಯವರಿಗೆ ಕೊಡಿ, ನನಗೆ ಎಲ್ಲಾದರೂ ಸರಿ" ಅಂದು, ಅವರು ಒತ್ತಾಯಿಸಲಿ ಎಂದು ಕಾದೆ. ಅವರು ಏನೋ ಬರೆದುಕೊಂಡರು. ನಕ್ಷೆಯಲ್ಲಿ ಸಿಡಿಸಿದಂತಿದ್ದ ಚುಕ್ಕಿಗಳಲ್ಲಿ ಎಲ್ಲಕ್ಕಿಂತ ಕೆಳಗಿನ, ಎಲ್ಲಕ್ಕಿಂತ ಸಣ್ಣ ಚುಕ್ಕಿ ನನ್ನದಾಯಿತು!

ಶಾಲೆಗೆ ಸಂಬಳವಿಲ್ಲದ ರಜೆ ಹಾಕಿ ಹೊರಟೆ. ಬೀಳ್ಕೊಡಲು ಬಂದ ಬೋರೇಗೌಡರು ನನ್ನ ಪೆಟ್ಟಿಗೆ ಎತ್ತಿ ನೋಡಿ, "ಏನ್ ಸಾ ಇದು, ಇಷ್ಟೊಂದ್ ಭಾರ?" ಅಂದರು.

"ಹುಳಿಪುಡಿ, ಸಾರಿನ ಪುಡಿ, ಹುರಿಹಿಟ್ಟು, ಉಪ್ಪಿನಕಾಯಿ."

"ಅಲ್ಲೆಲ್ಲಾ ಬರೀ ಮೀನಂತೆ ಕಣ್ ಸಾ. ನಮ್ಮೂರ್ ಅರದನಹಳ್ಳಿ ಐಕಳ್ನ ಕಳ್ಸಿದ್ರೆ ಕುಸಿಯಾಗ್ ಇದ್ಬುಟ್ ಬತ್ತಿದ್ರು. ನೀವ್ ಓಗ್ಬುಟ್ ಏನ್ ಮಾಡೀರಿ?"

"ಕೇಳಿದರೆ ತರಕಾರಿ ತರಿಸಿಕೊಡ್ತಾರೆ ಗೌಡ್ರೇ."

"ಅಂಗಾರೆ ಬಾಯ್ಬುಟ್ಟು ಕೇಳಿ ಸಾ" ಅಂದರು. ಆ ಮಾತನ್ನು ನಾನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ವಿಮಾನದಲ್ಲೇ ಶುರುವಾಯಿತು. ಗಗನಸಖಿ ತಟ್ಟೆ ಹಿಡಿದು ಬಂದು "ಸಸ್ಯಾಹಾರ ಬೇಕೆ?" ಅಂದಳು. ಬೆಳಗ್ಗೆಯಿಂದ ಏನೂ ತಿಂದಿರಲಿಲ್ಲ. "ಬೇಡಮ್ಮ" ಅಂದೆ. ಆಕೆ ಮುಗುಳ್ನಕ್ಕು ಮುಂದೆ ಹೋದಳು. ವಾಪಸ್ಸು ಬರುತ್ತಾಳೆಂದು ನಾನು ಮುಂದಿನ ಸೀಟಿನ ಮಡಿಸುವ ಹಲಗೆಯನ್ನು ಬಿಡಿಸಿಯೇ ಇಟ್ಟಿದ್ದೆ. ಆಕೆ ಬಂದಳು. ಹಲಗೆ ಮಡಿಸಿ, ವಿಮಾನ ಇಳಿಯುತ್ತಿದೆ ಅಂದಳು.

ದ್ವೀಪ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಹಾಲು ಚೆಲ್ಲಿದಂಥ ಮರಳು, ಗುಡಿಸಿಟ್ಟ ಬೀದಿಗಳು, ಮರದ ಕೆಳಗೆ ಉಯ್ಯಾಲೆ. ನಮ್ಮ ಪೇಟೆ ಬೀದಿಗೆ ಹೋಗಿ ಸೊಪ್ಪು ತರುವಷ್ಟು ಹೊತ್ತಿನಲ್ಲಿ ಇಡೀ ದ್ವೀಪ ಸುತ್ತಿಬರಬಹುದು. ಸುತ್ತ ಎಲ್ಲಿ ನೋಡಿದರೂ ನೀರು, ಆದರೆ ಕುಡಿಯುವುದಕ್ಕೆ ತೊಟ್ಟಿಯಲ್ಲಿ ಹಿಡಿದಿಟ್ಟ ಮಳೆನೀರು. ಹೇಮಾವತಿಯಲ್ಲಿ ಕಾಲು ಇಳಿಬಿಟ್ಟು ಕೂರುತ್ತಿದ್ದವನಿಗೆ ಅಷ್ಟು ನೀರು ನೋಡಿ ಬಾಯಿ ಒಣಗುತ್ತಿತ್ತು.

ಹೆಡ್‌ಮಾಸ್ಟರು ಇಬ್ರಾಹಿಂ ಸಾಹೇಬರು. ಬಹಳ ಒಳ್ಳೆಯ ಮನುಷ್ಯ. ಅವರಲ್ಲಿದ್ದ ದೋಷ ಒಂದೇ. ಹೇಳಿದ ಮಾತನ್ನು ನಂಬುತ್ತಿದ್ದರು!

ಮೊದಲ ದಿನವೇ ದಡದ ಒಂದು ಮನೆ ತೋರಿಸಿದರು. ಅಡುಗೆಮನೆ, ಫ್ಯಾನು, ಮುಂದೆ ಉಯ್ಯಾಲೆ. "ಇದು ನಿಮಗೆ ಆಗಬಹುದೇ?" ಅಂದರು.

ಉಯ್ಯಾಲೆಯನ್ನು ಮೆಲ್ಲಗೆ ತೂಗಿ ನೋಡಿದೆ. "ಅಯ್ಯೋ, ನನ್ನಂಥವನಿಗೆ ಇಷ್ಟು ದೊಡ್ಡ ಮನೆ ಯಾಕೆ? ಎಲ್ಲಾದರೂ ಒಂದು ಮೂಲೆ ಸಾಕು" ಅಂದೆ.

"ಸರಿ" ಅಂದರು. ಒಂದು ಮೂಲೆ ಕೊಟ್ಟರು! ಎಡಗಡೆ ಮೀನು ಬೇಯಿಸಿ ಹೊಗೆ ಹಾಕುವ ಷೆಡ್ಡು, ಬಲಗಡೆ ಊರಿಗೆಲ್ಲ ಕರೆಂಟು ಕೊಡುವ ಜನರೇಟರು. ದಡದ ಮನೆಗೆ ನನ್ನ ಜೊತೆ ದೋಣಿಯಲ್ಲಿ ಬಂದ ಕೇರಳದ ಮೇಷ್ಟ್ರು ಹೋದ. ಅವನನ್ನೂ ಕೇಳಿದ್ದರಂತೆ. ಹೂಂ ಅಂದನಂತೆ. ನಾಚಿಕೆಗೆಟ್ಟವನು!

ಆಮೇಲೆ ತರಗತಿಗಳು. "ದೊಡ್ಡ ತರಗತಿಗಳಿಗೆ ಪಾಠ ಮಾಡುತ್ತೀರಾ?" ಅಂತ ಕೇಳಿದರು. ನಾನು ಹೈಸ್ಕೂಲು ಮೇಷ್ಟ್ರು, ಅದಕ್ಕೇ ಬಂದವನು. "ಯಾವುದಾದರೂ ಪರವಾಗಿಲ್ಲ" ಅಂದೆ. ಒಂದನೇ ತರಗತಿ ಕೊಟ್ಟರು. ಆ ಮಕ್ಕಳು ಹಸು ಅನ್ನುವುದನ್ನೇ ಕಂಡವರಲ್ಲ. ಪುಸ್ತಕದಲ್ಲಿ ಹಸುವಿನ ಪಾಠ. ಕೊನೆಗೆ ನಾನೇ ಮರಳಿನ ಮೇಲೆ ಮೊಣಕಾಲೂರಿ, ಕಿವಿಯ ಪಕ್ಕ ಎರಡು ಬೆರಳು ನಿಲ್ಲಿಸಿಕೊಂಡು "ಅಂಬಾ" ಅಂದೆ. ಅದೇ ಹೊತ್ತಿಗೆ ಕಿಟಕಿಯಲ್ಲಿ ಕೇರಳದ ಮೇಷ್ಟ್ರ ಮುಖ ಕಾಣಿಸಿತು. ಕೈಯಲ್ಲಿ ಹತ್ತನೇ ತರಗತಿಯ ಪದ್ಯದ ಪುಸ್ತಕ!

ತರಕಾರಿಯ ವಿಷಯವೂ ಬಂತು. "ರಾಜಧಾನಿಯ ದೋಣಿಯಲ್ಲಿ ನಿಮಗೆ ತರಕಾರಿ ತರಿಸಲೇ?" ಅಂದರು ಇಬ್ರಾಹಿಂ ಸಾಹೇಬರು. "ನನಗಾಗಿ ಅಷ್ಟು ತೊಂದರೆ ತಗೋಬೇಡಿ" ಅಂದೆ. ಅವರು ತಗೊಳ್ಳಲಿಲ್ಲ. ಚಪಾತಿ, ತೆಂಗಿನಕಾಯಿ, ಹುಳಿಪುಡಿ. ಮಾರನೆಯ ದಿನ ತೆಂಗಿನಕಾಯಿ, ಚಪಾತಿ, ಸಾರಿನ ಪುಡಿ. ಸಂಜೆ ಕೇರಳದ ಮೇಷ್ಟ್ರ ಮನೆ ಕಡೆಯಿಂದ ಬೆಂಡೆಕಾಯಿ ಹುರಿಯುವ ವಾಸನೆ ಬರುತ್ತಿತ್ತು. ಬೆಂಡೆಕಾಯಿಗಾಗಿ ಒಬ್ಬ ಮನುಷ್ಯನನ್ನು ದ್ವೇಷಿಸಬಹುದೆಂದು ನನಗೆ ಆಗಲೇ ತಿಳಿದದ್ದು.

ಒಂದು ಶುಕ್ರವಾರ, ಅಲ್ಲಿ ಅದು ರಜೆ, ದೋಣಿ ಹಿಡಿದು ಪ್ರಭಾಕರನ ದ್ವೀಪಕ್ಕೆ ಹೋದೆ. ಅವನಾದರೂ ನನಗಿಂತ ಕಷ್ಟದಲ್ಲಿರಲಿ, ಸ್ವಲ್ಪ ಸಮಾಧಾನ ಸಿಗಲಿ ಎಂಬ ಆಸೆ. ಅವನು ಫ್ರಿಜ್ಜಿನ ಬಾಗಿಲು ತೆರೆದ. ಒಳಗೆ ಹುರುಳಿಕಾಯಿ, ಬದನೆಕಾಯಿ, ಕೊತ್ತಂಬರಿ ಸೊಪ್ಪು, ಹೆಪ್ಪು ಹಾಕಿದ ಗಟ್ಟಿ ಮೊಸರು! ನನ್ನ ಕಣ್ಣಲ್ಲಿ ನೀರೇ ಬಂತು.

"ಇಷ್ಟೆಲ್ಲ ಹೇಗಪ್ಪಾ ಸಂಪಾದಿಸಿದೆ? ಯಾರ ಶಿಫಾರಸು?"

"ಶಿಫಾರಸು ಏನ್ ಬಂತು ಭಾವ? ಫ್ರಿಜ್ ಬೇಕಾ ಅಂತ ಕೇಳಿದ್ರು. ಹೂಂ ಅಂದೆ."

"ಮನೆ?"

"ಮನೆ ಬೇಕಾ ಅಂದ್ರು. ಹೂಂ ಅಂದೆ."

"ಅಷ್ಟೇನಾ?"

"ಅಷ್ಟೇ. ಮೊಸರನ್ನ ಹಾಕಲಾ ಭಾವ?"

"ಬೇಡಪ್ಪ" ಅಂತು ನನ್ನ ಬಾಯಿ. ಪ್ರಭಾಕರ ಬಿದ್ದು ಬಿದ್ದು ನಕ್ಕ. "ಭಾವ, ಆ ಶಾಸ್ತ್ರ ಎಲ್ಲ ಅರಕಲಗೂಡಿಗೆ. ಇಲ್ಲಿ ಬೇಡ ಅಂದ್ರೆ ಬೇಡ, ಅಷ್ಟೇ!" ಅನ್ನುತ್ತಾ ತಟ್ಟೆ ತುಂಬ ಬಡಿಸಿದ. ಮೊಸರನ್ನ ಅಮೃತದ ಹಾಗಿತ್ತು. ನನಗಿಂತ ಚಿಕ್ಕವನು, ಎರಡನೆಯ ಎಲೆಯವನು, ಇಷ್ಟು ಸುಲಭದ ಉಪಾಯವನ್ನು ನನಗಿಂತ ಮೊದಲು ಕಂಡುಕೊಂಡನಲ್ಲ ಎಂದು ಪ್ರತಿ ತುತ್ತಿಗೂ ಸಂಕಟವಾಯಿತು.

ವಾಪಸ್ಸು ಬರುವಾಗ ದೋಣಿಯಲ್ಲೇ ಪ್ರತಿಜ್ಞೆ ಮಾಡಿದೆ. ಇನ್ನು ಮುಂದೆ ಹೂಂ!

ವಿಧಿ ನೋಡಿ, ಆ ವಾರದ ಪಾಠವೂ ಅದೇ. ಏನಾದರೂ ಕೊಡಲು ಬಂದರೆ ಇಂಗ್ಲಿಷಿನಲ್ಲಿ ಹೇಗೆ ಉತ್ತರಿಸಬೇಕು ಅನ್ನುವುದು. ಒಂದು ತಟ್ಟೆಯಲ್ಲಿ ಬಿಸ್ಕತ್ತು ಇಟ್ಟುಕೊಂಡು "ವುಡ್ ಯೂ ಲೈಕ್ ಎ ಬಿಸ್ಕಟ್?" ಅಂತ ಒಬ್ಬೊಬ್ಬರನ್ನೇ ಕೇಳುತ್ತಾ ಹೋದೆ. "ಯೆಸ್, ಪ್ಲೀಸ್!" ಅಂತ ಕೂಗಿ ಎಲ್ಲರೂ ತಗೊಂಡರು. ಒಂದು ಬಿಸ್ಕತ್ತು ಉಳಿಯಿತು. ಮುಂದಿನ ಸಾಲಿನ ಪುಟ್ಟ ಹುಡುಗಿ ತಟ್ಟೆ ಎತ್ತಿ ನನ್ನ ಮುಂದೆ ಹಿಡಿದು, "ವುಡ್ ಯೂ ಲೈಕ್ ಎ ಬಿಸ್ಕಟ್, ಸರ್?" ಅಂದಳು. ಎಷ್ಟು ಶುದ್ಧವಾದ ಇಂಗ್ಲಿಷ್!

"ನೋ, ಥ್ಯಾಂಕ್ ಯೂ" ಅಂದೆ.

ಅವಳು ಅದನ್ನೂ ತಿಂದಳು.

ವರ್ಷ ಮುಗಿಯುತ್ತ ಬಂತು. ಒಪ್ಪಂದ ಮುಂದುವರಿಸುವ ಮಾತಿಗೆ ಇಬ್ರಾಹಿಂ ಸಾಹೇಬರು ಕರೆದರು. ಮುಂದುವರಿದರೆ ಫ್ರಿಜ್ಜು, ಟೇಪ್ ರೆಕಾರ್ಡರು, ಕಪ್ಪು ಕನ್ನಡಕ, ಎಲ್ಲಕ್ಕಿಂತ ಹೆಚ್ಚಾಗಿ ಅರಕಲಗೂಡಿನ ಮೊದಲ ಎಲೆ. ಬೆಳಗ್ಗೆ ಕನ್ನಡಿಯ ಮುಂದೆ ನಿಂತು "ಯೆಸ್, ಪ್ಲೀಸ್" ಅಂತ ಗಂಟಲು ನೋಯುವವರೆಗೆ ಅಭ್ಯಾಸ ಮಾಡಿದೆ. ದಾರಿಯುದ್ದಕ್ಕೂ ಜಪಿಸುತ್ತಾ ಹೋದೆ.

"ನೀವು ಇಲ್ಲೇ ಮುಂದುವರಿಯಲು ಇಷ್ಟಪಡುತ್ತೀರಾ?" ಅಂದರು.

ನಾನು ಬಾಯಿ ತೆರೆದೆ. ಆದರೆ ಅದರೊಳಗಿಂದ ಮಾತಾಡಿದವರು ನಮ್ಮ ತಾತ, ಮುತ್ತಾತಂದಿರು! "ಅಯ್ಯೋ, ನನ್ನಿಂದ ನಿಮಗೆ ಯಾಕೆ ತೊಂದರೆ? ನನಗಿಂತ ಯೋಗ್ಯರು ಯಾರಾದರೂ ಸಿಕ್ಕರೆ..." ಅಂದುಬಿಟ್ಟೆ.

ಅವರ ಮುಖ ಸಣ್ಣದಾಯಿತು. ಕುರ್ಚಿಯಿಂದ ಎದ್ದು ನನ್ನ ಕಡೆ ಬಂದರು. ರಟ್ಟೆ ಹಿಡಿಯುತ್ತಾರೆ, ಹಿಡಿದೇ ಹಿಡಿಯುತ್ತಾರೆ ಅಂದುಕೊಂಡೆ. ಹಿಡಿದರು. ಕೈ ಕುಲುಕುವುದಕ್ಕೆ!

"ನಿಮ್ಮಿಷ್ಟ. ನಿಮ್ಮನ್ನು ಕಳೆದುಕೊಳ್ಳುವುದು ನಮಗೆ ಬೇಸರ" ಅಂದರು. ಅವರ ದನಿ ನಿಜವಾಗಿಯೂ ತೇವವಾಗಿತ್ತು.

ಬೀಳ್ಕೊಡುಗೆಗೆ ಊರಿಗೆ ಊರೇ ಸೇರಿತ್ತು. ಅದಕ್ಕೆ ಮೊದಲು ಸಾಹೇಬರು ಗುಟ್ಟಾಗಿ, "ನೆನಪಿಗೆ ಒಂದು ಟೇಪ್ ರೆಕಾರ್ಡರ್ ಕೊಡಬೇಕು ಅಂತಿದ್ದೇವೆ, ಆಗಬಹುದೇ?" ಅಂದಿದ್ದರು. ನಾನು ಏನಂದೆ ಅನ್ನುವುದನ್ನು ಮತ್ತೆ ಹೇಳುವ ಅಗತ್ಯವಿಲ್ಲ. ಭಾಷಣದಲ್ಲಿ ಅವರು, "ಮನೆ ಬೇಡ, ತರಕಾರಿ ಬೇಡ, ಉಡುಗೊರೆಯೂ ಬೇಡ. ಏನೂ ಬೇಡದ ಇಂಥ ಮನುಷ್ಯನನ್ನು ನಾನು ನೋಡಿಲ್ಲ" ಅಂದರು. ಚಪ್ಪಾಳೆ! ನಾನು ಬಿಕ್ಕಿ ಬಿಕ್ಕಿ ಅತ್ತೆ. ಪ್ರೀತಿಗೆ ಅಳುತ್ತಿದ್ದಾನೆ ಅಂದುಕೊಂಡು ಅವರೂ ಅತ್ತರು. ದೋಣಿ ಹತ್ತುವಾಗ ಮಕ್ಕಳ ತಾಯಂದಿರು ಒಂದು ಚೀಲ ಹೊರಿಸಿದರು. ಆ ದೇಶದಲ್ಲಿ ನನ್ನನ್ನು ಕೇಳದೆ ಕೊಟ್ಟದ್ದು ಅದೊಂದೇ. ತೆಂಗಿನಕಾಯಿ!

ಸಮುದ್ರ ದಾಟಿ, ತಿರುವನಂತಪುರ, ಬೆಂಗಳೂರು ದಾಟಿ, ತೆಂಗಿನಕಾಯಿಯ ಚೀಲ ಹೊತ್ತು, ತೆಂಗಿನ ತೋಟಗಳ ನಡುವೆ ಚನ್ನರಾಯಪಟ್ಟಣದ ಮೇಲೆ ಹೊಳೆನರಸೀಪುರಕ್ಕೆ ಬಂದಿಳಿದೆ. ಬೋರೇಗೌಡರು ಚೀಲ ಬಿಚ್ಚಿ ನೋಡಿದರು.

"ಏನ್ ಸಾ, ಇಷ್ಟ್ ಬಿರ್ನೆ ಬಂದ್ಬುಟ್ರಿ? ಓಡ್ಸ್ಬುಟ್ರಾ?"

"ಇಲ್ಲ ಗೌಡ್ರೇ, ಇರಿ ಅಂದ್ರು. ನಾನೇ ಬೇಡ ಅಂದೆ."

"ತೆಂಗಿನ್‌ಕಾಯ್ ಬೇಕಾಗಿದ್ರೆ ನಮ್ ತ್ವಾಟದಲ್ಲೇ ಬಿದ್ದವಲ್ಲಾ ಸಾ!" ಅಂದರು. ಒಳಗಿನಿಂದ ಜಯ ನಗುವ ಸದ್ದು ಕೇಳಿಸಿತು.

ಆದರೂ ನಾನು ಧೃತಿಗೆಡಲಿಲ್ಲ. ಷಷ್ಠಿ ಬಂತು. ಪ್ರಭಾಕರನೂ ರಜೆಗೆ ಬಂದಿದ್ದ. ಈಗ ಲೆಕ್ಕ ಸಮ. ಅವನೂ ಸಮುದ್ರ ದಾಟಿದವನು, ನಾನೂ ದಾಟಿದವನು. ಅಂದಮೇಲೆ ಹಿರಿತನವೇ ಗೆಲ್ಲಬೇಕು! ಮಾವನವರೂ ಹಾಗೇ ಯೋಚಿಸಿದ್ದರು. ಬ್ರಹ್ಮಚಾರಿಗಳ ಊಟ ಮುಗಿದು ನಮಗೆ ಎಲೆ ಹಾಕಿದ ಕೂಡಲೇ ನೆಟ್ಟಗೆ ನನ್ನ ಹತ್ತಿರ ಬಂದರು.

"ಬನ್ನಿ ಅಳಿಯಂದಿರೇ. ಹಿರಿಯರು ನೀವು. ಮೊದಲನೇ ಎಲೆಗೆ ಕೂತ್ಕೊಳ್ಳಿ."

ಆಹಾ! ಒಂದು ವರ್ಷ ಮೀನಿನ ಹೊಗೆ ಕುಡಿದದ್ದು ಸಾರ್ಥಕವಾಯಿತು. ಎಷ್ಟು ದಿನದ ಮೇಲೆ ನಮ್ಮ ಶಾಸ್ತ್ರ ತಿಳಿದ ಮನುಷ್ಯರ ನಡುವೆ ನಿಂತಿದ್ದೆ! ಹೃದಯ ತುಂಬಿ ಬಂತು. "ಅಯ್ಯೋ ಬೇಡ ಮಾವ, ಪ್ರಭಾಕರ ಕೂತ್ಕೊಳ್ಳಲಿ" ಅಂದೆ.

ಮಾವನವರು "ಛೆ ಛೆ" ಅನ್ನುವುದಕ್ಕೆ ಬಾಯಿ ತೆರೆದರು.

"ಹೂಂ ಭಾವ, ಥ್ಯಾಂಕ್ಸ್" ಅಂದ ಪ್ರಭಾಕರ. ಕೂತೇಬಿಟ್ಟ!

ಮಾವನವರ ಬಾಯಿ ಹಾಗೇ ಮುಚ್ಚಿಕೊಂಡಿತು. ಕೂತವರನ್ನು ಎಬ್ಬಿಸುವ ಶಾಸ್ತ್ರ ನಮ್ಮಲ್ಲಿಲ್ಲ. ನಾನು ಮೊಳೆಯ ಮುಂದೆ ಕೂತೆ. ಹೊಟ್ಟೆ ಉರಿಯುತ್ತಿತ್ತು, ಬೆನ್ನು ಚುಚ್ಚುತ್ತಿತ್ತು. ಸಾಕು, ಇನ್ನು ನಾಚಿಕೆ ಬಿಟ್ಟೆ ಅಂದುಕೊಂಡೆ. ಅವನು ಹೂಂ ಅಂದು ಮೇಲೆ ಬಂದವನು, ನಾನೂ ಇವತ್ತಿನಿಂದ ಹೂಂ!

ಅತ್ತೆಯವರು ಕಾಯಿ ಹೋಳಿಗೆ ತಂದರು. ಎಲ್ಲರಿಗೂ ಒಂದೊಂದು ಬಿತ್ತು. ಎರಡನೆಯ ಸುತ್ತಿಗೆ ಬಂದಾಗ ಪ್ರಭಾಕರ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು, "ಬೇಡ ಅತ್ತೆ, ಖಂಡಿತಾ ಬೇಡ" ಅಂದ. "ಏನು ಬೇಡ ಅಂತೀರಿ, ಹಾಕಿಸ್ಕೊಳ್ಳಿ" ಅಂತ ಅತ್ತೆ ಕೈಗಳ ನಡುವೆ ಒಂದು ಹಾಕಿದರು. "ಅಯ್ಯಯ್ಯೋ" ಅಂದ. ಇನ್ನೊಂದು ಬಿತ್ತು. "ಸಾಕು ಸಾಕು" ಅಂದ. ಮತ್ತೊಂದು! ಅದರ ಮೇಲೆ ತುಪ್ಪ.

ಅತ್ತೆಯವರು ನನ್ನ ಎಲೆಯ ಮುಂದೆ ಬಂದರು. "ಇನ್ನೊಂದು ಹಾಕಲಾ?"

"ಹೂಂ, ಹಾಕಿ ಅತ್ತೆ!" ಅಂದೆ ಗಟ್ಟಿಯಾಗಿ.

ಪಂಕ್ತಿಗೆ ಪಂಕ್ತಿಯೇ ತಿರುಗಿ ನೋಡಿತು. ಜಯ ಅಡುಗೆಮನೆಯ ಬಾಗಿಲಲ್ಲಿ ಸೆರಗು ಬಾಯಿಗಿಟ್ಟುಕೊಂಡಳು. ಅತ್ತೆಯವರ ಕಣ್ಣು ತುಂಬಿತು. "ಪಾಪ, ಬಾಯಿಬಿಟ್ಟು ಕೇಳ್ತಿದ್ದಾರೆ ಕಣೇ ಜಯಾ! ಆ ದೇಶದಲ್ಲಿ ಎಷ್ಟು ಉಪವಾಸ ಬಿದ್ದಿದ್ರೋ ಏನೋ" ಅನ್ನುತ್ತಾ ಹೋಳಿಗೆ ಹಾಕಿದರು.

ಒಂದೇ ಒಂದು. ನಾನು ಕೇಳಿದ್ದೂ ಅಷ್ಟೇ ಅಲ್ಲವೇ!